ಬಿಳಿಕಲ್ಲಿನಿಂದ ಎಡಕ್ಕೆ

ಸಮಾನತೆಯ ಬಗೆಗಿನ ಎರಡು ದಿನದ ತರಬೇತಿ ನಡೆದದ್ದು ಪ್ಲೈವುಡ್ ಗೋಡೆಯ ಆ ಬದಿಯಲ್ಲಿ. ಈ ಬದಿಯ ವೈರ್‌ಲೆಸ್ ಕೋಣೆಯಲ್ಲಿ ಬೇಸಕ್ಕ ಕೂತಿದ್ದಳು. ಆ ಬದಿಯಲ್ಲಿ ಹದಿನೆಂಟು ಗಂಡಸರಿದ್ದರು. ನಿರ್ದೇಶಕಿಯನ್ನು ಬಿಟ್ಟರೆ ಕಚೇರಿಯಲ್ಲಿದ್ದ ಹೆಂಗಸರು ಮೂವರು. ಒಬ್ಬಳು ವೈರ್‌ಲೆಸ್ ಬಿಟ್ಟು ಏಳುವಂತಿರಲಿಲ್ಲ, ಇನ್ನೊಬ್ಬಳು ಔಷಧಿ ಉಗ್ರಾಣದ ಬೀಗದ ಕೈ ಯಾರಿಗೂ ಕೊಡುವಂತಿರಲಿಲ್ಲ, ಮೂರನೆಯವಳು ಟೈಪಿಸ್ಟ್. ಅದೇ ತರಬೇತಿಯ ಕಾಗದಗಳನ್ನು ಟೈಪು ಮಾಡುತ್ತಿದ್ದಳು.

ದೂರದ ದೇಶದವರ ಹಣದಲ್ಲಿ ನಡೆಯುವ ಸಂಸ್ಥೆ ಅದು. ನೆರೆಯಲ್ಲಿ ಮನೆಮಠ ಕಳೆದುಕೊಂಡವರ ಶಿಬಿರಗಳಿಗೆ ಬಿತ್ತನೆ ಬೀಜ, ಟಾರ್ಪಾಲು, ಔಷಧಿ ಸಾಗಿಸುವುದು ಅದರ ಕೆಲಸ. ಹಣ ಕೊಡುವವರು ಈ ಸಲ ಒಂದು ಷರತ್ತು ಹಾಕಿದ್ದರು: ಫೀಲ್ಡಿನಲ್ಲಿ ಅಧಿಕಾರವಿರುವ ಹೆಂಗಸು ಒಬ್ಬಳಾದರೂ ಇರಬೇಕು. ಷರತ್ತಿನ ಬೆನ್ನಿಗೇ ಮುಖ್ಯ ಕಚೇರಿಯಿಂದ ಸಲಹೆಗಾರರೊಬ್ಬರು ಬಂದಿಳಿದರು. ಒಳ್ಳೆಯವರು, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ. ಡ್ರೈವರುಗಳು ಬೆಳಗಾಗುವುದರೊಳಗೆ ಅವರಿಗೆ 'ಸಮಾನತೆ ಸಾರ್' ಎಂದು ಹೆಸರಿಟ್ಟಿದ್ದರು.

"ಹೆಂಗಸರು ಯಾಕೆ ಮುಂದೆ ಬರ್ತಿಲ್ಲ? ಎಲ್ಲರೂ ನಿಮ್ಮ ನಿಮ್ಮ ಎದೆ ಮುಟ್ಟಿಕೊಂಡು ಯೋಚ್ನೆ ಮಾಡಿ," ಎಂದಿತು ಗೋಡೆಯಾಚೆ ಅವರ ದನಿ.

"ಡ್ಯೂಟಿ ಮೇಲಿದಾರೆ ಸಾರ್," ಎಂದಿತು ಇನ್ನೊಂದು ದನಿ.

ಅದು ಒಂಬತ್ತು. ಬೇಸಕ್ಕನಿಗೆ ಡ್ರೈವರುಗಳೆಲ್ಲ ಗಾಡಿಯ ನಂಬರುಗಳೇ. ಒಂಬತ್ತನೆಯ ಲಾರಿಯವನು ಒಂಬತ್ತು, ಔಷಧಿ ಜೀಪಿನವನು ಹನ್ನೆರಡು. ಅವಳೂ ಅವರಿಗೆ ಒಂದು ಕರೆಯೇ: ಕಚೇರಿಯ ವೈರ್‌ಲೆಸ್ಸಿಗೆ 'ಬೇಸ್' ಎಂದು ಹೆಸರು, ಅದಕ್ಕೆ ಮರ್ಯಾದೆಯ ಬಾಲ ಸೇರಿ ಬೇಸಕ್ಕ. ಪ್ರತಿ ಗಾಡಿ ಅರ್ಧ ಗಂಟೆಗೊಮ್ಮೆ ಎಲ್ಲಿದ್ದೇನೆಂದು ಹೇಳಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳದ ಮಾತು ಆಡದ ಮಾತಿಗೆ ಸಮ. ಅವಳು ಅದನ್ನು ಪುಸ್ತಕದಲ್ಲಿ ಬರೆದು, ಗೋಡೆಯ ನಕ್ಷೆಯಲ್ಲಿ ಗುಂಡುಪಿನ್ನು ಮುಂದೆ ಸರಿಸುತ್ತಾಳೆ. ಹನ್ನೊಂದು ವರ್ಷ, ನಲವತ್ತಮೂರು ಪುಸ್ತಕ. ಯಾವ ಏರಿನಲ್ಲಿ ಯಾವ ಗಾಡಿ ಕೆಮ್ಮುತ್ತದೆ, ಯಾವ ತಿರುವಿನಲ್ಲಿ ಎಮ್ಮೆಗಳು ರಸ್ತೆಯ ಮಧ್ಯೆ ಸಂಸಾರ ಹೂಡಿವೆ, ಎಲ್ಲವೂ ಅವಳಿಗೆ ಗೊತ್ತು. ಆದರೆ ಆ ದಾರಿಗಳಲ್ಲಿ ಒಂದನ್ನೂ ಅವಳು ಕಂಡವಳಲ್ಲ.

ಕಾಣದ್ದಕ್ಕೂ ಒಂದು ನಿಯಮವಿತ್ತು. ಹೆಣ್ಣು ನೌಕರರು ಫೀಲ್ಡಿಗೆ ಹೋಗುವುದಾದರೆ ಜೊತೆಗೆ ಡ್ರೈವರನ್ನು ಬಿಟ್ಟು ಗಂಡು ನೌಕರನೊಬ್ಬ ಇರಬೇಕು. ಅವನನ್ನು ಕಳಿಸಲು ಕಚೇರಿಯಲ್ಲಿ ಜನವಿಲ್ಲ. ಸಂಚಾರ ಅಧಿಕಾರಿಯ ಹುದ್ದೆ, ಅಂದರೆ ಲಾರಿಗಳು ಯಾವಾಗ ಹೊರಡಬೇಕು, ಯಾವ ದಾರಿ ಹಿಡಿಯಬೇಕು ಎಂದು ನಿರ್ಧರಿಸುವ ಹುದ್ದೆ, ಖಾಲಿಯಾದಾಗಲೆಲ್ಲ ಅವಳು ಅರ್ಜಿ ಹಾಕಿದ್ದಳು. ಎರಡು ಸಲವೂ ಒಂದೇ ಉತ್ತರ: ಫೀಲ್ಡ್ ಅನುಭವವಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈಗ ಮೂರನೆಯ ಅರ್ಜಿ. ಗುರುವಾರ ಸಂದರ್ಶನ.

ಅವಳಿಗೆ ಆ ಹುದ್ದೆ ಬೇಕಾಗಿದ್ದದ್ದು ಕುರ್ಚಿಗಾಗಿ ಅಲ್ಲ. ಕುರ್ಚಿಯ ಮೇಲೆ ಅವಳು ಆಗಲೇ ಹನ್ನೊಂದು ವರ್ಷ ಕೂತಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಗಡಿಯಾರ. ಮೂರನೆಯ ಶಿಬಿರಕ್ಕೆ ಲಾರಿಗಳು ಬೆಳಿಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ತಲುಪುತ್ತಿದ್ದವು. ಅಲ್ಲಿನ ಹೆಂಗಸರು ಆ ಹೊತ್ತಿಗೆ ಒಡೆದ ಏರಿ ಕಟ್ಟುವಲ್ಲಿ ಮಣ್ಣು ಹೊರುತ್ತಿರುತ್ತಾರೆ. ಬರುವುದು ಮಧ್ಯಾಹ್ನ ಎರಡೂವರೆಗೆ. ಬೀಜದ ಚೀಲ ಮನೆಯ ಹೆಂಗಸಿನ ಹೆಸರಿಗೇ ಕೊಡಬೇಕೆಂದು ನಿಯಮ. ಅವಳಿಲ್ಲದಿದ್ದರೆ ಗಂಡನೋ ಮೈದುನನೋ 'ಪರವಾಗಿ' ಎಂದು ಹೆಬ್ಬೆಟ್ಟು ಒತ್ತಬಹುದು. ವರದಿಯಲ್ಲಿ ಎಲ್ಲವೂ ಹೆಂಗಸರ ಹೆಸರು. ನೂರಕ್ಕೆ ನೂರು ಎಂದು ಹಣ ಕೊಟ್ಟವರು ಹಿಗ್ಗುತ್ತಿದ್ದರು. ಬೇಸಕ್ಕನ ಪುಸ್ತಕ ಬೇರೆ ಮಾತು ಹೇಳುತ್ತಿತ್ತು: ಸ್ವತಃ ಹದಿನಾಲ್ಕು, ಪರವಾಗಿ ಇನ್ನೂರ ಹನ್ನೆರಡು. ಹೋದ ಸಲ ವಾಪಸು ಬರುತ್ತ ಒಂಬತ್ತು ವರದಿ ಮಾಡಿದ್ದ: "ಬೇಸಕ್ಕಾ, ನಾವು ಪೇಟೆ ಮುಟ್ಟೋಕ್ಕಿಂತ ಮುಂಚೆ ನಾವು ಕೊಟ್ಟ ಚೀಲಗಳು ಪೇಟೆ ಮುಟ್ಟಿವೆ. ಮಾರಾಟಕ್ಕಿಟ್ಟಿದಾರೆ. ಓವರ್."

ಹೊತ್ತು ಬದಲಿಸಿ ಎಂದು ಅವಳು ಆರು ಸಲ ಚೀಟಿ ಕಳಿಸಿದ್ದಳು. ಗ್ಯಾರೇಜಿನ ಮೇಸ್ತ್ರಿ ಆರು ಸಲವೂ ಚೀಟಿಯ ಹಿಂದೆ ಒಂದೇ ಸಾಲು ಬರೆದಿದ್ದರು: ಕತ್ತಲಾಗುವುದರೊಳಗೆ ಗಾಡಿ ಮನೆ ಸೇರಬೇಕು. ಅದೂ ಸುಳ್ಳಲ್ಲ. ಸೇತುವೆಯ ದಾರಿಯಲ್ಲಿ ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ.

ಮನೆಯಲ್ಲಿ ಸಂದರ್ಶನದ ಚಿಂತೆ ಅವಳಿಗಿಂತ ಅತ್ತೆಗೆ ಹೆಚ್ಚಾಗಿತ್ತು. ಅತ್ತೆಗೆ ಕಿವಿ ಮಂದ. ಮಗ ಮಾತಾಡಿದರೆ ಗೊಣಗಿದಂತೆ, ಮೊಮ್ಮಗಳು ಮಾತಾಡಿದರೆ ಗುಬ್ಬಿ ಚಿಲಿಪಿಲಿ. ಸೊಸೆ ಮಾತ್ರ ಪದ ಪದ ಬಿಡಿಸಿ, ಅಂಕಿಗಳನ್ನು ಎರಡು ಸಲ ಹೇಳುತ್ತಾಳೆ. "ಈ ಮನೇಲಿ ಬಾಯಿ ಬಿಟ್ಟು ಮಾತಾಡೋಳು ಇವಳೊಬ್ಬಳೇ. ಉಳಿದೋರೆಲ್ಲ ಬಾಯಲ್ಲಿ ಹತ್ತಿ ಇಟ್ಕೊಂಡೋರು," ಎಂದು ಆಕೆ ಓಣಿಗೆಲ್ಲ ಸಾರಿದ್ದರು. ಅತ್ತೆ ಸೊಸೆಯರಿಗೆ ಜಗಳವಾಗದ್ದಕ್ಕೆ ಓಣಿಯವರು ಜಾತಕ ಕಾರಣ ಎಂದುಕೊಂಡಿದ್ದರು, ಕಾರಣ ವೈರ್‌ಲೆಸ್ಸು.

"ಹೆದರ್ಕೊಂಡು ಸಾರ್ ಸಾರ್ ಅಂತ ಗೋಗರೀಬೇಡ," ಎಂದರು ಅತ್ತೆ. "ಕೇಳಿದ್ದಕ್ಕೆ ಉತ್ತರ ಕೊಡು, ಎದ್ದು ಬಾ."

ಸಂದರ್ಶನದ ಮೇಜಿನ ಆಚೆ ಮೂವರು. ನಡುವೆ ನಿರ್ದೇಶಕಿ; ಎರಡು ವರ್ಷದ ಹಿಂದೆ ಹೊರದೇಶದಿಂದ ಬಂದವರು, ಇಲ್ಲಿನ ಮಾತನ್ನು ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟಂತೆ ಎಚ್ಚರದಿಂದ ಆಡುವವರು. ಎಡಕ್ಕೆ ಸಮಾನತೆ ಸಾರ್. ಬಲಕ್ಕೆ ಮೇಸ್ತ್ರಿ, ಮೂವತ್ತು ವರ್ಷ ಲಾರಿ ಓಡಿಸಿ, ಈಗ ಎಂಟು ವರ್ಷದಿಂದ ಗ್ಯಾರೇಜಿನಲ್ಲಿ ಕೂತೇ ಇಪ್ಪತ್ತು ಗಾಡಿಗಳನ್ನು ಆಳುವವರು. ಕನ್ನಡಕದ ಒಂದು ಕಡ್ಡಿ ತಾಮ್ರದ ತಂತಿಯದು.

"ನೋಡಮ್ಮ, ನಿನ್ನ ಮೇಲೆ ನಂಗೇನೂ ಹಗೆ ಇಲ್ಲ," ಎಂದರು ಮೇಸ್ತ್ರಿ. "ಆದ್ರೆ ದಾರಿ ಅನ್ನೋದು ಕಿವೀಲಿ ಕೇಳೋ ಅಡುಗೂಲಜ್ಜಿ ಕತೆ ಅಲ್ಲ. ಕಣ್ಣಲ್ಲಿ ನೋಡ್ದೇ ಇರೋ ದಾರೀಲಿ ಗಾಡಿ ಹೇಗೆ ಕಳಿಸ್ತೀಯ?"

"ಯಾವ ದಾರಿ ಬೇಕಾದ್ರೂ ಕೇಳಿ ಮೇಸ್ತ್ರಿ."

"ಮೂರನೇ ಶಿಬಿರ. ಮೇಲ್ದಾರಿ."

ಮೇಲ್ದಾರಿಯೆಂದರೆ ಸೇತುವೆಯನ್ನು ಸುತ್ತದೆ, ಹೊಳೆಗೇ ಇಳಿದು ದಾಟುವ ದಾರಿ. ಎಂಟು ವರ್ಷದ ಹಿಂದೆ ಮೂರನೆಯ ಲಾರಿ ಅಲ್ಲಿ ಅಚ್ಚು ಮುರಿದುಕೊಂಡ ಮೇಲೆ ಮೇಸ್ತ್ರಿಯೇ ಲಾರಿಗಳಿಗೆ ಅದನ್ನು ಮುಚ್ಚಿಸಿದ್ದರು. ಔಷಧಿ ಜೀಪು ಮಾತ್ರ ವಾರಕ್ಕೊಮ್ಮೆ ಆ ದಾರಿ ಹಿಡಿಯುತ್ತದೆ. ಇವಳಿಗೆ ಗೊತ್ತಿರಲಾರದು ಎಂದುಕೊಂಡೇ ಅವರು ಅದನ್ನು ಆರಿಸಿದ್ದರು.

ಬೇಸಕ್ಕ ಕಣ್ಣು ಮುಚ್ಚಿದಳು. "ಗೇಟಿನಿಂದ ಇಪ್ಪತ್ತು ನಿಮಿಷಕ್ಕೆ ಇಟ್ಟಿಗೆ ಗೂಡು. ಅಲ್ಲಿಂದ ರಸ್ತೆ ಮೇಲೆ ಗುಂಡಿ ಏಳು, ಏಳನೇದು ಆಳ. ಗೂಡು ದಾಟಿದ ಮೇಲೆ ಇಳಿಜಾರು, ಕೆಳಗೆ ಎರಡು ದಾರಿ. ಬಲಕ್ಕೆ ಸೇತುವೆ. ಬಿಳಿಕಲ್ಲಿನಿಂದ ಎಡಕ್ಕೆ..."

"ತಡಿ," ಎಂದರು ಮೇಸ್ತ್ರಿ. ಮುಖದ ಮೇಲೆ ಗೆದ್ದ ನಗು. "ಬಿಳಿಕಲ್ಲಾ? ಅಲ್ಲಿ ಕಲ್ಲೂ ಇಲ್ಲ, ಕರ್ಮಾನೂ ಇಲ್ಲ. ಅದು ಫ್ರಿಜ್ಜು ಕಣಮ್ಮ! ಹಳೇ ಫ್ರಿಜ್ಜು. ನೋಡಿದ್ರೆ ತಾನೇ ಗೊತ್ತಾಗೋದು? ಇದಕ್ಕೇ ನಾನು ಹೇಳೋದು."

ಸಮಾನತೆ ಸಾರ್ ನಕ್ಕರು. ಕೂಡಲೇ ನಗಬಾರದಿತ್ತೆಂದು ನೆನಪಾಗಿ ಕೆಮ್ಮಿದರು. ಬೇಸಕ್ಕನ ಕಿವಿ ಬಿಸಿಯಾಯಿತು. ಎಂಟು ವರ್ಷದಿಂದ ವಾರವಾರವೂ ಬಿಳಿಕಲ್ಲು ಎಂದು ಬರೆದುಕೊಂಡಿದ್ದಳು. ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

"ಫ್ರಿಜ್ಜು," ಎಂದರು ನಿರ್ದೇಶಕಿ ನಿಧಾನವಾಗಿ. "ಯಾರ ಫ್ರಿಜ್ಜು?"

ಮೇಸ್ತ್ರಿಯ ನಗು ಅರ್ಧಕ್ಕೇ ನಿಂತಿತು.

"ಅದು... ನಮ್ಮದೇ ಮೇಡಂ. ಲಸಿಕೆ ಇಡೋದು. ಅಚ್ಚು ಮುರಿದಾಗ ಭಾರ ಕಮ್ಮಿ ಮಾಡೋಕೆ ಇಳಿಸಿದ್ವಿ. ಆಮೇಲೆ ತರೋಣ ಅಂತ."

ಬೇಸಕ್ಕನಿಗೆ ಆಗ ಹೊಳೆಯಿತು. ವೈರ್‌ಲೆಸ್ಸಿನಲ್ಲಿ ಫ್ರಿಜ್ಜು ಎಂದರೆ ಉಗ್ರಾಣದವರ ಕಿವಿಗೆ ಬೀಳುತ್ತದೆ. ಅದಕ್ಕೇ ಅದು ಕಲ್ಲಾಗಿದೆ. ಇಡೀ ಗ್ಯಾರೇಜು ತಮ್ಮ ಮೇಸ್ತ್ರಿಯ ಮಾನ ಕಾಯಲು ಎಂಟು ವರ್ಷ ಫ್ರಿಜ್ಜನ್ನು ಕಲ್ಲು ಎಂದಿದೆ.

"ಇಪ್ಪತ್ತು ಜನ ಡ್ರೈವರುಗಳು ಅದನ್ನ ಕಲ್ಲು ಅಂದ್ರು ಮೇಸ್ತ್ರಿ. ನಾನೊಬ್ಬಳೇ ಫ್ರಿಜ್ಜು ಅಂದಿದ್ರೆ ಒಂದು ಗಾಡೀನೂ ಸರಿಯಾಗಿ ತಿರುಗ್ತಿರಲಿಲ್ಲ," ಎಂದಳು. ಮತ್ತೆ, ಅತ್ತೆ ಹೇಳಿದ್ದು ನೆನಪಾದರೂ, ಎದ್ದು ಬರುವ ಬದಲು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟಳು. "ನಾನು ನೋಡಿಲ್ಲ, ಒಪ್ಕೋತೀನಿ. ನೀವು ಆ ದಾರಿ ನೋಡಿ ಎಷ್ಟು ವರ್ಷ ಆಯ್ತು?"

ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡರು.

"ಎರಡು ವರ್ಷದ ಹಿಂದೆ ಹೊಳೆ ತಳಕ್ಕೆ ಕಾಂಕ್ರೀಟ್ ಹಾಕಿದ್ರು. ಮೂರು ದಿನ ಔಷಧಿ ಜೀಪಿನ ಹನ್ನೆರಡರವನು ಆ ದಂಡೇಲಿ ಕಾಯ್ತಾ ಕೂತಿದ್ದ. ಮೂವತ್ತಾರನೇ ಪುಸ್ತಕದಲ್ಲಿದೆ. ಲಾರಿ ಹೋಗುತ್ತೆ. ಎರಡು ಗಂಟೆ ದಾರಿ. ಹನ್ನೆರಡೂವರೆಗೆ ಹೊರಟ್ರೆ ಎರಡೂವರೆಗೆ ಶಿಬಿರ. ಹೆಂಗಸರ ಕೈಗೇ ಚೀಲ. ಆರಕ್ಕೆ ಮನೆ. ಕತ್ತಲಾಗೋಕೆ ಮುಂಚೆ."

ನಿರ್ದೇಶಕಿ ಅವಳನ್ನೂ ಮೇಸ್ತ್ರಿಯನ್ನೂ ನೋಡಿ, ಪದ ಹುಡುಕಿ ಅವಳಿಗೆ ಹೇಳಿದರು: "ನಾಳೆ ನೀವು ಕರೆದುಕೊಂಡು ಹೋಗಿ. ಐದು ಲಾರಿ. ಮೇಸ್ತ್ರಿ ಜೊತೆಗೆ ಬಂದು ನೋಡುತ್ತಾರೆ. ಆಮೇಲೆ ಇವರೇ ಅನುಭವದ ಪತ್ರ ಬರೆಯಲಿ, ಅಥವಾ ಬರೆಯದೆ ಇರಲಿ. ಬರೆದರೆ ಹುದ್ದೆ ನಿಮ್ಮದು."

"ವೈರ್‌ಲೆಸ್ಸಿಗೆ ಯಾರು ಕೂರ್ತಾರೆ ಮೇಡಂ?" ಎಂದಳು ಬೇಸಕ್ಕ.

ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆ ಯಾರಿಗೂ ಬಂದಿರಲಿಲ್ಲ.

"ನಾನು ಕೂರ್ತೀನಿ," ಎಂದರು ಸಮಾನತೆ ಸಾರ್ ಉದಾರವಾಗಿ. "ಕೂತು ಮಾತಾಡೋದು ತಾನೇ."

ಮರುದಿನ ಹನ್ನೆರಡೂವರೆಗೆ ಐದು ಲಾರಿ ಹೊರಟವು. ಮುಂದಿನ ಲಾರಿ ಒಂಬತ್ತು. ನಡುವೆ ಬೇಸಕ್ಕ, ಕಿಟಕಿಯ ಬದಿಗೆ ಮೇಸ್ತ್ರಿ. ಬೆಳಿಗ್ಗೆ ಅವಳು ಸಮಾನತೆ ಸಾರ್‌ಗೆ ಎಲ್ಲ ತೋರಿಸಿ ಬಂದಿದ್ದಳು: ಮೈಕಿನ ಗುಂಡಿ ಒತ್ತಿದರೆ ನೀವು ಮಾತಾಡುತ್ತೀರಿ, ಬಿಟ್ಟರೆ ಬೇರೆಯವರು ಮಾತಾಡುತ್ತಾರೆ. ಒತ್ತಿ ಹಿಡಿದರೆ ಉಳಿದವರ ಬಾಯಿ ಕಟ್ಟಿದ ಹಾಗೆ. ಅವರು ತಲೆಯಾಡಿಸಿದ್ದರು. ಆದರೆ ಕೈ ಬಿಟ್ಟರೆ ಫೋನಿನ ಹಾಗೆ ಸಂಪರ್ಕ ಕಡಿದುಹೋದೀತೆಂಬ ಭಯ ಅವರ ತಲೆಯೊಳಗೆ ಎಲ್ಲೋ ಕೂತಿತ್ತು. ಗುಂಡಿಯನ್ನು ಒತ್ತಿಯೇ ಹಿಡಿದರು.

ಇಟ್ಟಿಗೆ ಗೂಡು ಬರುವ ಹೊತ್ತಿಗೆ ಐದೂ ಲಾರಿಗಳ ವೈರ್‌ಲೆಸ್ಸಿನಲ್ಲಿ ಸಮಾನತೆ ಸಾರ್ ತಮ್ಮ ವರದಿಯನ್ನು ಜೋರಾಗಿ ಓದಿಕೊಳ್ಳುತ್ತಿದ್ದರು. "ಮಹಿಳೆಯರ ದನಿಗೆ ಅವಕಾಶ ಮಾಡಿಕೊಡುವುದು ಅತ್ಯಗತ್ಯ," ಎಂದರು. ಆಮೇಲೆ ಚಹಾ ಹೀರಿದ ಸದ್ದು ಕೇಳಿಸಿತು.

"ಆ ಮನುಷ್ಯ ಗುಂಡಿ ಬಿಡೋ ತನಕ ನಾವು ಕೂಗ್ಕೊಂಡ್ರೂ ಕೇಳಲ್ಲ," ಎಂದು ಒಂಬತ್ತು ನಕ್ಕ. "ಏನಕ್ಕಾ, ಹನ್ನೊಂದು ವರ್ಷ ನೀನು ನಮ್ಮ ಮಾತು ಕೇಳ್ದೆ. ಈಗ ನಾವು ಇವರ ಮಾತು ಕೇಳ್ಬೇಕು, ಕರ್ಮ."

ಬೇಸಕ್ಕನಿಗೆ ನಗಲು ಪುರುಸೊತ್ತಿರಲಿಲ್ಲ. ಅವಳು ರಸ್ತೆಯ ಗುಂಡಿಗಳನ್ನು ಎಣಿಸುತ್ತಿದ್ದಳು. ಒಂದು, ಎರಡು. ಏಳನೆಯದಕ್ಕೆ ಲಾರಿ ಹಾರಿ ಬಿದ್ದಾಗ ಅವಳಿಗೆ ಹಳೆಯ ಪರಿಚಯದವರು ಬೆನ್ನು ತಟ್ಟಿದಂತಾಯಿತು. ಇಂಜಿನ್ನಿನ ಸದ್ದು ಏರಿದಾಗ, ನೋಡುವ ಮೊದಲೇ, ಏರು ಬಂತೆಂದು ತಿಳಿಯುತ್ತಿತ್ತು. ಕಂಡದ್ದೆಲ್ಲ ಕೇಳಿದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿತ್ತು, ಅಷ್ಟೆ.

ಇಳಿಜಾರಿನ ಕೆಳಗೆ ಬಿಳಿಕಲ್ಲು ನಿಂತಿತ್ತು. ಬಾಗಿಲು ಯಾರೋ ಕಿತ್ತೊಯ್ದಿದ್ದರು. ಒಳಗೆ, ಲಸಿಕೆಯ ಸೀಸೆಗಳಿರಬೇಕಾದ ಕೆಳಗಿನ ಅಂಕಣದಲ್ಲಿ, ಒಂದು ಕೋಳಿ ಹುಲ್ಲು ಹಾಸಿಕೊಂಡು ಕಾವು ಕೂತಿತ್ತು. ಐದು ಲಾರಿ ಹಾದುಹೋದರೂ ಕದಲಲಿಲ್ಲ. ಮೇಸ್ತ್ರಿ ಬೇರೆ ಕಡೆ ನೋಡಿದರು.

"ಎಡಕ್ಕೆ," ಎಂದಳು ಬೇಸಕ್ಕ.

ಹೊಳೆಯ ದಂಡೆಯಲ್ಲಿ ಮೇಸ್ತ್ರಿ ಗಾಡಿ ನಿಲ್ಲಿಸಲು ಹೇಳಿದರು. ನೀರು ಕೆಂಪಗೆ ಹರಿಯುತ್ತಿತ್ತು, ತಳ ಕಾಣುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಅಚ್ಚು ಮುರಿದ ಸದ್ದು ಅವರ ಕಿವಿಯಲ್ಲಿ ಇನ್ನೂ ಇದ್ದಿರಬೇಕು. ಮೈಕು ಎತ್ತಿಕೊಂಡು, "ಬೇಸ್, ಬೇಸ್, ನಿನ್ನೆ ಇಲ್ಲಿ ನೀರು ಎಷ್ಟಿತ್ತು?" ಎಂದು ಕೇಳಿದರು. ಅಭ್ಯಾಸ. ಉತ್ತರವಾಗಿ ಸಮಾನತೆ ಸಾರ್ ಆಕಳಿಸಿದ್ದು ಕೇಳಿಸಿತು.

"ಬೇಸ್ ಇಲ್ಲೇ ಕೂತಿದೆ ಮೇಸ್ತ್ರಿ, ಕೇಳಿ," ಎಂದಳು ಅವಳು. "ಮೊನ್ನೆ ಹನ್ನೆರಡರವನು ದಾಟಿದಾಗ ಎಡಗಡೆ ಅಳತೆ ಕಂಬದ ಎರಡನೇ ಗೆರೆ. ಈಗ ನೋಡಿ, ಅದೇ ಎರಡನೇ ಗೆರೆ. ಮೊಣಕಾಲುದ್ದ. ಲಾರಿಗೆ ಏನೂ ಅಲ್ಲ."

"ಅವನು ಜೀಪಿನವನು. ಅವನು ಹೇಳಿದ್ದಕ್ಕೆ ಚೀಲ ತುಂಬಿದ ಲಾರಿ ಇಳಿಸ್ಲಾ?"

"ಬೇಡ. ನಾನು ಹೇಳಿದ್ದಕ್ಕೆ ಇಳಿಸಿ."

ಮೇಸ್ತ್ರಿ ಅವಳ ಮುಖವನ್ನೇ ನೋಡಿದರು. ಇಳಿದು, ಪ್ಯಾಂಟು ಮಡಚಿ, ಟೈರು ಬದಲಿಸುವ ಉದ್ದನೆಯ ಕಬ್ಬಿಣ ಹಿಡಿದು ನೀರಿಗಿಳಿದರು. ಎರಡು ಹೆಜ್ಜೆಗೊಮ್ಮೆ ತಳಕ್ಕೆ ಕುಟ್ಟಿದರು. ಟಣ್. ಟಣ್. ಮಣ್ಣಿಗೆ ಕುಟ್ಟಿದರೆ ಆ ಸದ್ದು ಬರುವುದಿಲ್ಲ. ನಡುನೀರಿನವರೆಗೆ ಹೋಗಿ ತಿರುಗಿ ಬಂದರು. ಮೊಣಕಾಲಿನ ತನಕ ಒದ್ದೆ.

"ಎರಡನೇ ಗೇರು," ಎಂದರು ಒಂಬತ್ತಕ್ಕೆ, ತಮ್ಮದೇ ಯೋಚನೆ ಎಂಬಂತೆ.

"ಎಡಗಡೆ ಕಂಬ ನೋಡ್ಕೊಂಡು ಹೋಗು," ಎಂದಳು ಬೇಸಕ್ಕ. "ಬಲಗಡೆ ಅಂಚು ಒಡೆದಿದೆ. ಹೋದ ತಿಂಗಳು ಜೀಪಿನ ಚಕ್ರ ಇಳಿದಿತ್ತು."

ಮೇಸ್ತ್ರಿ ಬಲಗಡೆಗೆ ಹೋಗಿರಲಿಲ್ಲ. ಮತ್ತೆ ನೀರಿಗಿಳಿದು ಅಲ್ಲಿ ಕಬ್ಬಿಣ ಚಾಚಿ ಕುಟ್ಟಿದರು. ಅದು ಅರ್ಧಕ್ಕರ್ಧ ಒಳಗೆ ಹೋಯಿತು. ಅವರು ಆಮೇಲೆ ಮಾಡಿದ್ದನ್ನು ಒಂಬತ್ತು ಗ್ಯಾರೇಜಿನಲ್ಲಿ ಇವತ್ತಿಗೂ ನಟಿಸಿ ತೋರಿಸುತ್ತಾನೆ: ಆ ಒಡೆದ ಅಂಚಿನ ಬಳಿಯೇ ನೀರಲ್ಲಿ ಕಂಬದಂತೆ ನಿಂತು, ಐದೂ ಲಾರಿ ದಾಟುವ ತನಕ ಎಡಕ್ಕೆ ಎಡಕ್ಕೆ ಎಂದು ಕೈ ಬೀಸಿದರು.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಶಿಬಿರ ಮುಟ್ಟಿದರು. ಹೆಂಗಸರು ಆಗಷ್ಟೇ ಏರಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಲಾರಿಗಳನ್ನು ಕಂಡು, ಇದು ನಮಗಲ್ಲ ಎಂಬಂತೆ ದೂರವೇ ನಿಂತರು. ಗಂಡಸರು ಅಭ್ಯಾಸದಂತೆ ಮುಂದೆ ಬಂದು ಸಾಲು ಕಟ್ಟಿದರು.

ಬೇಸಕ್ಕ ಲಾರಿಯ ಹಲಗೆಯ ಮೇಲೆ ನಿಂತು ಪಟ್ಟಿ ಓದತೊಡಗಿದಳು. ಅವಳ ದನಿಗೆ ಮೈಕು ಬೇಕಿರಲಿಲ್ಲ. ಪದ ಪದ ಬಿಡಿಸಿ, ಪ್ರತಿ ಹೆಸರೂ ಎರಡು ಸಲ. ಹೆಸರಿನವಳು ಬಂದು ತನ್ನ ಹೆಸರು ತಿರುಗಿ ಹೇಳಬೇಕು, ಆಮೇಲೆ ಚೀಲ.

"ಅವಳ ಪರವಾಗಿ ನಾನಿದೀನಲ್ಲ," ಎಂದ ಸಾಲಿನ ಮೊದಲಿಗ.

"ಅವಳೇ ಅಲ್ಲಿ ನಿಂತಿದಾಳಲ್ಲಣ್ಣ. ಪರವಾಗಿ ಯಾಕೆ?" ಎಂದಳು ಬೇಸಕ್ಕ. "ಇದ್ದೋರ ಪರವಾಗಿ ಯಾರೂ ಬೇಡ. ನೀನು ಚೀಲ ಹೊತ್ಕೊಂಡು ಹೋಗೋಕೆ ಇರು."

ಹೆಂಗಸರ ನಡುವೆ ಯಾರೋ ಕಿಸಕ್ಕನೆ ನಕ್ಕರು. ಮೊದಲನೆಯವಳು ಕೆಸರು ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತ ಬಂದು ತನ್ನ ಹೆಸರು ಹೇಳಿದಳು, ಮೆಲ್ಲಗೆ. ಬೇಸಕ್ಕ ತಲೆಯಲ್ಲಾಡಿಸಿದಳು. "ಕೇಳಿಸ್ಲಿಲ್ಲ. ಮತ್ತೆ." ಎರಡನೆಯ ಸಲ ಆ ಹೆಸರು ಶಿಬಿರದ ಕೊನೆಯ ಟಾರ್ಪಾಲಿನವರೆಗೂ ಕೇಳಿಸಿತು. ಇಪ್ಪತ್ತನೆಯವಳ ಹೊತ್ತಿಗೆ ಅದೊಂದು ಪಂದ್ಯವೇ ಆಗಿಹೋಯಿತು. ಯಾರ ಹೆಸರು ಎಷ್ಟು ದೂರ ಹೋಗುತ್ತದೆ ನೋಡೋಣ ಎಂಬಂತೆ ಒಬ್ಬೊಬ್ಬಳೂ ಕೂಗಿದಳು. ಮೇಸ್ತ್ರಿ ಒದ್ದೆ ಪ್ಯಾಂಟಿನಲ್ಲೇ ಕೂತು ಲೆಕ್ಕ ಬರೆದರು. ಸ್ವತಃ ಇನ್ನೂರ ಹತ್ತೊಂಬತ್ತು. ಪರವಾಗಿ ಏಳು, ಆ ಏಳರಲ್ಲಿ ಮೂವರು ಬಾಣಂತಿಯರು.

ಆರಕ್ಕೆ ಹತ್ತು ನಿಮಿಷವಿರುವಾಗ ಗಾಡಿಗಳು ಗೇಟು ಸೇರಿದವು. ಬಿಸಿಲು ಇನ್ನೂ ಗ್ಯಾರೇಜಿನ ತಗಡಿನ ಮೇಲಿತ್ತು. ನಿರ್ದೇಶಕಿ ಹೊರಗೇ ಕಾಯುತ್ತಿದ್ದರು. ಪಕ್ಕದಲ್ಲಿ ಸಮಾನತೆ ಸಾರ್, ಬಾತುಕೊಂಡ ಹೆಬ್ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು.

"ಬಹಳ ಶಿಸ್ತಿನ ಪ್ರಯಾಣ," ಎಂದರು ಅವರು. "ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ."

ಒಂಬತ್ತು ಏನೋ ಹೇಳಹೊರಟು, ಬೇಸಕ್ಕನ ಕಣ್ಣು ಕಂಡು, ಟೈರು ಒದ್ದ.

ಮೇಸ್ತ್ರಿ ಲಾರಿಯ ಬಾನೆಟ್ಟಿನ ಮೇಲೆ ಪತ್ರ ಹರಡಿದರು. 'ಫೀಲ್ಡ್ ಅನುಭವ' ಎಂದು ಅಚ್ಚಾಗಿತ್ತು, ಮುಂದೆ ಒಂದು ಖಾಲಿ ಗೆರೆ. ಅವರು ಬರೆಯುವುದು ನಿಧಾನ. ಒಂದೊಂದು ಅಕ್ಷರವನ್ನೂ ನಟ್ಟು ಬಿಗಿದ ಹಾಗೆ ಬಿಗಿಯುತ್ತಾರೆ. ನಿರ್ದೇಶಕಿ ಅವರ ಭುಜದ ಮೇಲಿಂದ ಕಲ್ಲಿನಿಂದ ಕಲ್ಲಿಗೆ ದಾಟುತ್ತ ಓದಿದರು: "ಹನ್ನೊಂದು... ವರ್ಷ... ಒಂದು... ದಿನ."

"ಸರಿ ಇದೆಯಾ ಲೆಕ್ಕ?" ಎಂದು ಮೇಸ್ತ್ರಿಯನ್ನು ಕೇಳಿದರು.

"ಒಂದು ದಿನ ನಾನು ಕಣ್ಣಾರೆ ನೋಡಿದ್ದು ಮೇಡಂ. ಹನ್ನೊಂದು ವರ್ಷ ನೋಡದೇ ಇದ್ದದ್ದು ನನ್ನ ತಪ್ಪು," ಎಂದರು ಮೇಸ್ತ್ರಿ. ಸಹಿ ಹಾಕಿ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬೇಸಕ್ಕನ ಕಡೆ ತಿರುಗಿದರು. "ಅಧಿಕಾರಿಗಳೇ, ನಾಳಿದ್ದು ಎಷ್ಟು ಗಂಟೆಗೆ ಗಾಡಿ?"

"ಹನ್ನೆರಡೂವರೆ. ಆ ಫ್ರಿಜ್ಜು ವಾಪಸು ತರಬೇಕಾ ಮೇಸ್ತ್ರಿ?"

"ಮರಿ ಆಗ್ಲಿ, ಆಮೇಲೆ ನೋಡೋಣ," ಎಂದರು ಮೇಸ್ತ್ರಿ. "ಅಲ್ಲೀ ತನಕ ಅದು ಕಲ್ಲೇ."

ಅವಳು ಮನೆ ಸೇರಿದಾಗ ಅತ್ತೆ ಹೊಸಿಲಲ್ಲೇ ಕೂತಿದ್ದರು. ಬೇಸಕ್ಕ ಪತ್ರವನ್ನು ಅವರ ಮಡಿಲಲ್ಲಿಟ್ಟು, ಎದುರು ಕೂತು, ಪದ ಪದ ಬಿಡಿಸಿ ಹೇಳಿದಳು.

"ಹನ್ನೊಂದು ವರ್ಷ. ಒಂದು ದಿನ. ಸಂಚಾರ ಅಧಿಕಾರಿ. ಕೇಳಿಸ್ತಾ ಅತ್ತೆ? ಓವರ್."

ಕೇಳಿಸಿಕೊಂಡವರು ತಿರುಗಿ ಹೇಳಬೇಕೆಂಬ ನಿಯಮ ಅತ್ತೆಗೂ ಗೊತ್ತಿತ್ತು. ಆದರೆ ಆಕೆ ಅದನ್ನು ಸೊಸೆಗೆ ಹೇಳಲಿಲ್ಲ. ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಓಣಿಯ ನಡುವೆ ಹೋಗಿ ನಿಂತು, ಎರಡೂ ಬದಿಯ ಕಿಟಕಿಗಳಿಗೆ ಒಂದೊಂದು ಪದವಾಗಿ, ಅಂಕಿಗಳನ್ನು ಎರಡೆರಡು ಸಲ, ತಿರುಗಿ ಹೇಳತೊಡಗಿದರು.